ಯೆಜ್ಡಿ ಹೆಡ್ ಸೀಳಿದ್ದು ಚಾರ್ಮಾಡಿ ಮಳೆಗಲ್ಲ

ಪ್ರಶ್ನೆ: ಅಪ್ಪನ ಹಳೇ ಯೆಜ್ಡಿ 250 ಬೈಕ್ ಇನ್ನೂ ಓಡಿಸುತ್ತಿದ್ದೇನೆ. ಮೊನ್ನೆ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಜೋರು ಮಳೆ. ಕೊಟ್ಟಿಗೆಹಾರ ಬರುವಷ್ಟರಲ್ಲಿ ಎಳೆತವೇ ಇಲ್ಲ, ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಹೆಡ್ಡಿನಿಂದ 'ಚಸ್ ಚಸ್' ಸದ್ದು. ಬಿಚ್ಚಿದರೆ ಪ್ಲಗ್ ತೂತಿನ ಪಕ್ಕ ಸೀಳು. ಕಾದ ಹೆಡ್ಡಿಗೆ ಮಳೆ ಬಿದ್ದು ಹೀಗಾಗಿದೆ, ಎಂ-ಸೀಲ್ ಮೆತ್ತಿದರೆ ಸಾಕು ಅಂತಾರೆ ಒಬ್ಬ ಮೆಕ್ಯಾನಿಕ್. ಹೌದಾ?
– ಓದುಗರು, ಮೂಡಿಗೆರೆ

ಉತ್ತರ: ಎಂ-ಸೀಲ್ ಬೇಡವೇ ಬೇಡ. ಪೆಟ್ರೋಲ್ ಉರಿಯುವ ಜಾಗದಲ್ಲಿ ಅಂಥ ಅಂಟು ನಿಲ್ಲುವುದಿಲ್ಲ. ಮೇಲಾಗಿ, ಆಮೇಲೆ ವೆಲ್ಡಿಂಗ್ ಮಾಡುವವನಿಗೆ ಅದನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸ.

ಮಳೆಯನ್ನೂ ಬೈಯಬೇಡಿ. ಮಲೆನಾಡಿನಲ್ಲಿ ಮಳೆಗೆ ಹೆಡ್ ಸೀಳುವ ಹಾಗಿದ್ದರೆ ನಮ್ಮ ಕಡೆ ಒಂದು ಗಾಡಿಯೂ ಉಳಿಯುತ್ತಿರಲಿಲ್ಲ, ಅಲ್ವಾ? ಘಾಟಿ ಇಳಿದ ಕೂಡಲೇ ಪೈಪ್ ಹಿಡಿದು ತೊಳೆಯುವುದು ಬೇರೆ ಮಾತು, ಅದು ತಪ್ಪು.

ಮೊದಲು ಸೀಳು ಎಷ್ಟು ಆಳ ನೋಡಿ. ಹೊರಗಿನ ಫಿನ್ನಿನಲ್ಲಿ (ಎಂಜಿನ್ ತಣ್ಣಗಾಗಲು ಇರುವ ರೆಕ್ಕೆ) ಮಾತ್ರ ಇದ್ದರೆ ಸುಮ್ನೆ ಬಿಟ್ಟುಬಿಡಿ. ಹೆಡ್ ತೊಳೆದು ಒಣಗಿಸಿ, ಹೊರಗೆ ಸೀಮೆಸುಣ್ಣದ ಪುಡಿ ಬಳಿಯಿರಿ. ಪ್ಲಗ್ ಹಾಕಿ, ಹೆಡ್ಡನ್ನು ಮಗುಚಿಟ್ಟು ಒಳಗುಳಿಗೆ ಸೀಮೆಎಣ್ಣೆ ತುಂಬಿಸಿ. ಅರ್ಧ ಗಂಟೆಯಲ್ಲಿ ಸುಣ್ಣದ ಮೇಲೆ ಒದ್ದೆ ಗೆರೆ ಮೂಡಿದರೆ ಸೀಳು ಆರ್‌ಪಾರ್ ಆಗಿದೆ ಅಂತ ಲೆಕ್ಕ. ನಿಮ್ಮ ಸದ್ದು ಕೇಳಿದರೆ ಆಗಿರುವಂತೆಯೇ ಕಾಣುತ್ತದೆ.

ಟೂ-ಸ್ಟ್ರೋಕ್ ಆಗಿರುವುದು ನಿಮ್ಮ ಪುಣ್ಯ. ಬುಲೆಟ್ ಆಗಿದ್ದರೆ ವಾಲ್ವ್, ಸೀಟು, ಗೈಡು ಅಂತ ಕೆಲಸ ಬೆಳೆಯುತ್ತಿತ್ತು. ಇಲ್ಲಿ ಅಲ್ಯೂಮಿನಿಯಂ ಗಡ್ಡೆ, ನಡುವೆ ಒಂದು ತೂತು, ಅಷ್ಟೇ. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಅಲ್ಯೂಮಿನಿಯಂ ಬೆಸೆಯಲು ಬರುವ ಆರ್ಗಾನ್ ಗ್ಯಾಸ್ ವೆಲ್ಡಿಂಗ್ ಮಾಡುವವರನ್ನು ಹುಡುಕಿ. ಗೇಟು ಬೆಸೆಯುವವರ ಹತ್ತಿರ ಮಾತ್ರ ಕೊಡಬೇಡಿ. ಹಳೇ ಹೆಡ್ ಎಣ್ಣೆ ಕುಡಿದಿರುತ್ತದೆ. ಬಿಸಿ ಮಾಡಿದಾಗ ಎಣ್ಣೆ ಬೆವರಿನಂತೆ ಹೊರಬರುತ್ತದೆ. ಒರೆಸಿ, ಮತ್ತೆ ಬಿಸಿ ಮಾಡಿ, ಮತ್ತೆ ಒರೆಸಬೇಕು. ಇಲ್ಲದಿದ್ದರೆ ವೆಲ್ಡ್ ತುಂಬ ಗುಳ್ಳೆ. ಸೀಳಿನ ತುದಿಯಲ್ಲಿ 2 ಮಿ.ಮೀ. ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಆಮೇಲೆ ಸೀಳನ್ನು ಉದ್ದಕ್ಕೂ ಸಣ್ಣ ಕಾಲುವೆಯಂತೆ ಕೆತ್ತಿ, ಇಡೀ ಹೆಡ್ಡನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಬೆಸೆಯಬೇಕು. ಕೆಲಸ ಮುಗಿದ ಮೇಲೆ ಒಣ ಬೂದಿಯಲ್ಲಿ ಹೂತಿಡಿ, ತಾನಾಗಿ ತಣ್ಣಗಾಗಲಿ.

ಬೆಸೆದ ಹೆಡ್ ಸ್ವಲ್ಪ ಸೊಟ್ಟಗಾಗುತ್ತದೆ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಉಜ್ಜಿ ಸಮ ಮಾಡಿ. ಲೇತ್‌ನಲ್ಲಿ ಜಾಸ್ತಿ ಕೆತ್ತಿಸಿದರೆ ಪಿಸ್ಟನ್ ಹೋಗಿ ಬಡಿಯುತ್ತದೆ. ಪ್ಲಗ್‌ನ 14 ಮಿ.ಮೀ. ಥ್ರೆಡ್ಡನ್ನು ಹೊಸದಾಗಿ ಟ್ಯಾಪ್ ಹೊಡೆಸಿ. ನಟ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ.

ಇಷ್ಟಾದರೂ ಅರ್ಧ ಕೆಲಸವೇ. ನಾನೇ ಒಮ್ಮೆ ಹೆಡ್ ಬೆಸೆಸಿ, ಕಾರಣ ಹುಡುಕದೆ ಜೋಡಿಸಿದ್ದೆ. ಎರಡೇ ತಿಂಗಳಲ್ಲಿ ಪಕ್ಕದಲ್ಲೇ ಹೊಸ ಸೀಳು. ಕಾರಣ ಇದ್ದದ್ದು ಕೆಳಗೆ, ಎಂಜಿನ್ ತಿರುಗುವ ದಂಡ ಕ್ರ್ಯಾಂಕ್‌ಗೆ ಹಾಕುವ ರಬ್ಬರ್ ಆಯಿಲ್ ಸೀಲ್ ಒಣಗಿತ್ತು. ಅಲ್ಲಿಂದ ಗಾಳಿ ಎಳೆದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ, ಎಂಜಿನ್ ಕೆಂಡ. ಮೈಸೂರಿನಲ್ಲಿ ಯೆಜ್ಡಿ ತಯಾರಿ ನಿಂತದ್ದೇ 1996ರಲ್ಲಿ. ಅಪ್ಪನ ಕಾಲದ ಸೀಲ್ ಇನ್ನೂ ಅಲ್ಲೇ ಕೂತಿದ್ದರೆ ಆಶ್ಚರ್ಯವಿಲ್ಲ. ನಿಮ್ಮ ಪ್ಲಗ್ ತುದಿ ಬೂದು ಬಿಳಿ ಇತ್ತಾ? ಹಾಗಿದ್ದರೆ ಸೀಲ್, ಕಾರ್ಬುರೇಟರ್ ಜೋಡಣೆ, ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ಮೂರೂ ನೋಡಿಸಿ. ಫಿನ್ನುಗಳ ಸಂದಿಯಲ್ಲಿ ತೋಟದ ಕೆಮ್ಮಣ್ಣು ಗಟ್ಟಿಯಾಗಿ ಕೂತಿದೆಯಾ ಅಂತಲೂ ನೋಡಿ, ಅದು ಎಂಜಿನ್‌ಗೆ ಕಂಬಳಿ ಹೊದಿಸಿದ ಹಾಗೆ.

ಸೀಳು ಪ್ಲಗ್ ತೂತಿನ ಎರಡೂ ಕಡೆ ಹೋಗಿದ್ದರೆ ಬೆಸೆಯುವ ಖರ್ಚು ಬೇಡ, ಒಳ್ಳೆಯ ಹಳೇ ಹೆಡ್ ಹುಡುಕಿ. ಕೊಳ್ಳುವ ಮುಂಚೆ ಅದಕ್ಕೂ ಸೀಮೆಎಣ್ಣೆ ಪರೀಕ್ಷೆ ಮಾಡಿ.