ಕೇಳಿ, ಹೇಳುತ್ತೇನೆ: ಶಿಬಿರದ ಮಕ್ಕಳಿಗೂ ಒಂದು ಅಂಕಪಟ್ಟಿ

ಕಳೆದ ಸಂಚಿಕೆಯಲ್ಲಿ ಕೆನ್ಯಾದ ಕಕುಮಾ ನಿರಾಶ್ರಿತರ ಶಿಬಿರದ ಹೈಸ್ಕೂಲು ಮಕ್ಕಳ ಬಗ್ಗೆ, ಅವರಿಗೆ ಪಾಠದ ಜೊತೆ ಮೈದಾನ, ವಿದ್ಯಾರ್ಥಿ ಸಂಘವೂ ಬೇಕೆಂದು ನಾಲ್ಕು ಸಾಲು ಬರೆದಿದ್ದೆ. ಮೊಮ್ಮಕ್ಕಳ ಮೊಬೈಲ್ ಹುಚ್ಚು ಬಿಡಿಸುವುದು ಹೇಗೆ ಎಂದು ಕೇಳುತ್ತಿದ್ದವರೆಲ್ಲ ಈಗ ಅದರ ಬೆನ್ನು ಹತ್ತಿದ್ದಾರೆ. ಸಂತೋಷ. ಮೊಬೈಲಿಗೆ ಈ ಸಲ ರಜೆ.

ಪ್ರಶ್ನೆ: ಪಡಿತರಕ್ಕೆ ಸಾಲು ನಿಲ್ಲುವ ಜನರಿಗೆ ಮೊದಲು ಅನ್ನ, ಔಷಧ ಬೇಕಲ್ಲವೇ ಮೇಡಂ? ಹೈಸ್ಕೂಲು, ಆಟದ ಮೈದಾನ, ವಿದ್ಯಾರ್ಥಿ ಸಂಘ ಇವೆಲ್ಲ ಯುದ್ಧ ಮುಗಿದ ಮೇಲಿನ ಮಾತಲ್ಲವೇ?
– ಸಮಾಜಕಾರ್ಯ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಯುದ್ಧ ಯಾವಾಗ ಮುಗಿಯುತ್ತದೆ ತಾಯಿ? ಕಕುಮಾ ಶಿಬಿರ ಶುರುವಾದದ್ದು 1992ರಲ್ಲಿ, ಸುಡಾನಿನ ಅಂತರ್ಯುದ್ಧದಿಂದ ತಪ್ಪಿಸಿಕೊಂಡ ಸಾವಿರಾರು ಹುಡುಗರು ಹೆತ್ತವರಿಲ್ಲದೆ ಕಾಲ್ನಡಿಗೆಯಲ್ಲಿ ಬಂದು ಸೇರಿದಾಗ. ಆ ವರ್ಷ ಅಲ್ಲಿ ಹುಟ್ಟಿದ ಕೂಸಿಗೆ ಈಗ ಮೂವತ್ತು ದಾಟಿದೆ. ಶಿಬಿರ ಇನ್ನೂ ಇದೆ. ಹದಿಮೂರರಿಂದ ಹದಿನೆಂಟರವರೆಗಿನ ಆರು ವರ್ಷ ಯಾವ ಶಾಂತಿ ಒಪ್ಪಂದಕ್ಕೂ ಕಾದು ಕೂರುವುದಿಲ್ಲ.

ಅನ್ನಕ್ಕೂ ಶಾಲೆಗೂ ಜಗಳ ಹಚ್ಚಬೇಡಿ. ನಮ್ಮಲ್ಲಿ ಬಿಸಿಯೂಟ ಬಂದ ಮೇಲೆ ಬೆಂಚು ತುಂಬಿದ್ದನ್ನು ಕಂಡವಳು ನಾನು. ಶಿಬಿರಗಳಲ್ಲೂ ಮಗುವಿನ ಹೊಟ್ಟೆಗೆ ಗಂಜಿ ಬೀಳುವುದು ಎಷ್ಟೋ ಕಡೆ ಶಾಲೆಯಲ್ಲೇ. ತೊಂದರೆ ಇರುವುದು ಮುಂದಿನ ಮೆಟ್ಟಿಲಿನಲ್ಲಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಲ್ಲಿ ಲೋಕದ ನಿರಾಶ್ರಿತ ಮಕ್ಕಳ ಪೈಕಿ ಪ್ರಾಥಮಿಕ ಶಾಲೆಯಲ್ಲಿ ದಾಖಲಾದವರು ನೂರಕ್ಕೆ ಸುಮಾರು 65, ಪ್ರೌಢಶಾಲೆಗೆ ಬಂದರೆ ಸುಮಾರು 40. ನಡುವೆ ಉದುರಿಹೋದವರು ಎಲ್ಲಿ? ಹುಡುಗ ಕೂಲಿಗೆ, ಹುಡುಗಿ ಮದುವೆಗೆ. ಇದನ್ನು ತಿಳಿಯಲು ನಾನು ಕೆನ್ಯಾಕ್ಕೆ ಹೋಗಬೇಕಾಗಿರಲಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಮೀಪದ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಬೆಳಗಿನ ಜಾವ ಭಟ್ಟಿಯಲ್ಲಿ ದುಡಿದು, ಅಂಗಿಯ ತುಂಬ ಹೊಗೆಯ ವಾಸನೆ ಹೊತ್ತು ಪ್ರಾರ್ಥನೆಯ ಹೊತ್ತಿಗೆ ಓಡಿಬರುತ್ತಿದ್ದ ಹುಡುಗರಿದ್ದರು. ಒಂದು ದಿನ ಬರುವುದು ನಿಲ್ಲಿಸಿದರೆ ಮುಗಿಯಿತು.

ಅವರಲ್ಲಿ ಎಂಟನೆಯ ತರಗತಿಯಲ್ಲೇ ಎರಡು ವರ್ಷ ಕುಳಿತ ಒಬ್ಬನಿದ್ದ. ತನಗಿಂತ ಚಿಕ್ಕವರ ಜೊತೆ ಕೂರಲು ನಾಚಿಕೆ, ಅದಕ್ಕೇ ಸಿಟ್ಟು. ಗೈರುಹಾಜರಾದವರ ಮನೆಗೆ ಹೋಗಿ ಕರೆತರುವ ಕೆಲಸವನ್ನು ಅವನಿಗೆ ಒಪ್ಪಿಸಿದೆವು. ಕೊಟ್ಟದ್ದು ಒಂದು ನೋಟ್‌ಬುಕ್ಕು, ಜವಾನರ ಸೈಕಲ್ಲು, ಅಷ್ಟೇ. ಆ ವರ್ಷ ಅವನ ಹಾಜರಿಯೇ ಎಲ್ಲರಿಗಿಂತ ಹೆಚ್ಚು. ಹದಿಹರೆಯದವರು ಪಾಠ ಕಷ್ಟವೆಂದು ಓಡಿಹೋಗುವುದು ಕಡಿಮೆ. ತಾನಿಲ್ಲದಿದ್ದರೂ ಶಾಲೆ ನಡೆಯುತ್ತದೆ ಎನ್ನಿಸಿದಾಗ ಓಡಿಹೋಗುತ್ತಾರೆ. ಮೈದಾನ, ಸಂಘ ಯಾಕೆ ಎಂದು ಕೇಳಿದಿರಲ್ಲ, ಇದಕ್ಕೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಿರಾಶ್ರಿತರ ತಂಡವೆಂದು ಮೊದಲ ಬಾರಿ 10 ಮಂದಿ ಇಳಿದಾಗ, ಅವರಲ್ಲಿ ಐವರು ಕಕುಮಾದಿಂದ ಹೋದ ದಕ್ಷಿಣ ಸುಡಾನಿನ ಓಟಗಾರರು. ಪತ್ರಿಕೆಗಳು ಕುಣಿದಾಡಿದವು. ನನಗೆ ಚಿಂತೆ ರಿಯೊಗೆ ಹೋಗದ ಹುಡುಗನದು. ಸಂಜೆಯ ಪಂದ್ಯಕ್ಕೆ ಚೆಂಡು ತರುವ ಜವಾಬ್ದಾರಿ ಅವನದಾದರೆ ಅವನು ಮರುದಿನ ಬೆಳಿಗ್ಗೆ ತರಗತಿಗೂ ಬರುತ್ತಾನೆ.

ಆದರೆ ಬಂದು ಓದಿದ್ದಕ್ಕೆ ಕೊನೆಯಲ್ಲಿ ಕೈಗೆ ಏನು ಸಿಗುತ್ತದೆ? ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಕಕುಮಾದ ತರಗತಿಯಲ್ಲಿ ನೂರು ಮಕ್ಕಳು ಕಿಕ್ಕಿರಿದಿರಬಹುದು, ಆದರೂ ಅವರು ಓದುವುದು ಕೆನ್ಯಾದ ಪಠ್ಯ, ಬರೆಯುವುದು ಕೆನ್ಯಾದ ಸರಕಾರಿ ಪರೀಕ್ಷೆ. ಆ ಅಂಕಪಟ್ಟಿಗೆ ಶಿಬಿರದ ಹೊರಗೂ ಬೆಲೆ ಇದೆ. ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ 2017ರ ಆಗಸ್ಟ್‌ನಿಂದ ಮ್ಯಾನ್ಮಾರ್ ಬಿಟ್ಟು ಓಡಿಬಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳ ಮಕ್ಕಳಿಗೆ ಅದೂ ಇಲ್ಲ. ಬಾಂಗ್ಲಾದೇಶದ ಪಠ್ಯ ಅವರಿಗೆ ನಿಷಿದ್ಧ. ಮ್ಯಾನ್ಮಾರ್ ಪಠ್ಯವನ್ನು 2021ರ ಕೊನೆಗೆ ಪ್ರಾಯೋಗಿಕವಾಗಿ ಶುರುಮಾಡಿದರು. ಬೋರ್ಡ್ ಪರೀಕ್ಷೆಗೆ ಕೂರಿಸಿ ಮೊಹರು ಒತ್ತಿಕೊಡುವವರು ಯಾರು? ಹದಿನಾರರ ಹುಡುಗನಿಗೆ ಇದು ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡಿ.

ಪ್ರಶ್ನೆ: ನಮ್ಮ ಜಿಲ್ಲೆಯ ತಾಂಡಾಗಳಿಂದ ಮಕ್ಕಳು ಅಪ್ಪ ಅಮ್ಮನ ಹಿಂದೆ ಕಾಫಿ ತೋಟಕ್ಕೆ, ಕಬ್ಬು ಕಡಿಯಲು ಗುಳೆ ಹೋಗುತ್ತಿವೆ. ನಿಮಗೆ ಆಫ್ರಿಕಾದ ಚಿಂತೆ!
– ನಿವೃತ್ತ ನೌಕರ, ಚಿತ್ರದುರ್ಗ

ಉತ್ತರ: ಕಕುಮಾದ ಬಗ್ಗೆ ಬರೆದೆನೆಂದು ತಾಂಡಾದ ಮಗುವಿನ ಪಾಟಿಚೀಲವನ್ನೇನೂ ನಾನು ಕಿತ್ತುಕೊಳ್ಳಲಿಲ್ಲ ಸ್ವಾಮಿ. ಗುಳೆ ಹೋದ ಮಗುವಿಗೆ ಮರಳಲು ಊರಿದೆ, ಮನೆಯಲ್ಲಿ ಪಡಿತರ ಚೀಟಿ ಇದೆ. ಅಷ್ಟಿದ್ದೂ ಅದು ಶಾಲೆ ಬಿಡುತ್ತದೆ ಎಂದರೆ ಏನೂ ಇಲ್ಲದ ಮಗುವಿನ ಪಾಡು ನಿಮಗೆ ನನಗಿಂತ ಬೇಗ ತಿಳಿಯಬೇಕು.

ನಿಮ್ಮ ಊರಿನಲ್ಲೇ ವಕೀಲಿ ಮಾಡಿಕೊಂಡಿದ್ದ ಎಸ್. ನಿಜಲಿಂಗಪ್ಪನವರು ಹೀಗೆ ಲೆಕ್ಕ ಹಾಕಲಿಲ್ಲ. ನಮ್ಮವರಿಗೇ ಭೂಮಿಯ ಹಸಿವಿದ್ದ ಕಾಲವದು. 1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಶುರುವಾದಾಗ ಅವರೇ ಮುಖ್ಯಮಂತ್ರಿ. ದಲೈ ಲಾಮಾ ಇಂದಿಗೂ ಅವರ ಹೆಸರನ್ನು ಕೃತಜ್ಞತೆಯಿಂದ ಎತ್ತುತ್ತಾರೆ. ಟಿಬೆಟನ್ ಮಕ್ಕಳ ಶಾಲೆಗಳಿಗೆಂದೇ ಕೇಂದ್ರ ಸರಕಾರ 1961ರಲ್ಲಿ ಒಂದು ಆಡಳಿತ ಸಂಸ್ಥೆಯನ್ನೂ ಕಟ್ಟಿತ್ತು. ಆ ಮಕ್ಕಳು ತಮ್ಮ ಭಾಷೆ ಕಲಿತರು, ತಮ್ಮ ಹಬ್ಬ ಮಾಡಿದರು, ಕೊನೆಗೆ ಸಿಬಿಎಸ್‌ಇ ಪರೀಕ್ಷೆ ಬರೆದು ದೇಶದ ಯಾವ ಕಾಲೇಜಿನ ಬಾಗಿಲನ್ನಾದರೂ ತಟ್ಟಬಲ್ಲವರಾದರು. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಸಹಿ ಇಲ್ಲದೆಯೂ ಇಷ್ಟು ಮಾಡಿದ್ದೇವೆ. ಬೇರೆ ನಿರಾಶ್ರಿತರಿಗೆ ಇಷ್ಟೇ ಮನಸ್ಸಿನಿಂದ ಮಾಡಿದೆವೇ ಎಂದರೆ, ಇಲ್ಲ.

ಪ್ರಶ್ನೆ: ನಮ್ಮ ಮಹಿಳಾ ಸಂಘದಿಂದ ಹಳೆಯ ಬಟ್ಟೆ, ಪಠ್ಯಪುಸ್ತಕ ಸೇರಿಸಿ ಶಿಬಿರಕ್ಕೆ ಕಳಿಸಬಹುದೇ?
– ಗೃಹಿಣಿ, ಹರಿಹರ

ಉತ್ತರ: ಬೇಡ. ಕನ್ನಡದ ಪರಿಸರ ಅಧ್ಯಯನವನ್ನು ಕಕುಮಾದಲ್ಲಿ ಯಾರು ಓದಬೇಕು? ಸಾಗಣೆಯ ಖರ್ಚಿನಲ್ಲಿ ಅಲ್ಲೇ ಹೊಸ ಪುಸ್ತಕ ಬರುತ್ತದೆ. ಕೊಡುವ ಮನಸ್ಸಿದ್ದರೆ ಹಣವನ್ನೇ ಕೊಡಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ದೆಹಲಿಯಲ್ಲೂ ಕಚೇರಿಯಿದೆ.

ಪ್ರಶ್ನೆ: ಹೆದ್ದಾರಿಯ ಹೋಟೆಲಿಗೆ ಕೆಲಸಕ್ಕೆ ಬಂದ ಮಣಿಪುರದ ಕುಟುಂಬವೊಂದು ಹದಿನಾಲ್ಕರ ಮಗನನ್ನು ಕರೆತಂದಿದೆ. ಮನೆ ಸುಟ್ಟಾಗ ದಾಖಲೆಗಳೂ ಹೋದವಂತೆ. ವರ್ಗಾವಣೆ ಪತ್ರವಿಲ್ಲ, ಕನ್ನಡವಿಲ್ಲ, ಮಾತೇ ಇಲ್ಲ. ಗಣರಾಜ್ಯೋತ್ಸವದಂದು ಅವನಿಂದ ಅನುಭವ ಹೇಳಿಸಿದರೆ ಮನಸ್ಸು ಹಗುರವಾದೀತೇ?
– ಮುಖ್ಯ ಶಿಕ್ಷಕ, ಹಿರಿಯೂರು ತಾಲ್ಲೂಕು

ಉತ್ತರ: ದಯವಿಟ್ಟು ಹೇಳಿಸಬೇಡಿ ಮೇಷ್ಟ್ರೇ. ಅದರಿಂದ ಹಗುರವಾಗುವುದು ಕೇಳುವವರ ಮನಸ್ಸು. ಅವನು ಯಾವ ಸಮುದಾಯದವನು ಎಂದೂ ಯಾರೂ ಕೆದಕುವುದು ಬೇಡ, ನಿಮ್ಮ ಸಿಬ್ಬಂದಿ ಕೊಠಡಿಯಲ್ಲಿ ಕೂಡ. 2023ರ ಮೇ 3ರಿಂದ ಶುರುವಾದ ಹಿಂಸೆಯಲ್ಲಿ ಅಲ್ಲಿ ಸುಮಾರು 60 ಸಾವಿರ ಜನ ಮನೆ ಬಿಟ್ಟರು. ಗಡಿ ದಾಟದ ಕಾರಣ ಕಾನೂನಿನ ಲೆಕ್ಕದಲ್ಲಿ ಅವರು ನಿರಾಶ್ರಿತರಲ್ಲ, ಈ ದೇಶದ ಪ್ರಜೆಗಳು. ಅಂದಮೇಲೆ ನೀವು ಕಾಯುತ್ತಿರುವುದು ಯಾವುದಕ್ಕೆ?

2009ರ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ನೋಡಿ. ವರ್ಗಾವಣೆ ಪತ್ರ ತಡವೆಂದು ಪ್ರವೇಶ ನಿಲ್ಲಿಸುವಂತಿಲ್ಲ, ಅದು 5ನೆಯ ಕಲಂ. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ, ಅದು 14. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು, ಹದಿನಾಲ್ಕು ತುಂಬಿದ ಮೇಲೂ ಎಂಟನೆಯ ತರಗತಿ ಮುಗಿಸುವ ಹಕ್ಕು ಅವನಿಗಿದೆ ಎಂದು 4ನೆಯ ಕಲಂ ಹೇಳುತ್ತದೆ. ಐದನೆಯ ತರಗತಿಯಲ್ಲಿ ಕೂರಿಸಿ ‘ಕನ್ನಡ ಬರಲಿ, ನೋಡೋಣ’ ಎಂದರೆ ಅವನು ತಿಂಗಳೊಳಗೆ ಹೋಟೆಲಿನ ತಟ್ಟೆ ತೊಳೆಯುತ್ತಿರುತ್ತಾನೆ.

ಮಾತಿಗೆ ಅವಸರ ಬೇಡ. ಲೆಕ್ಕದ ಪುಸ್ತಕ ಕೊಡಿ, ಅಂಕಿಗಳು ಅವನಿಗೆ ಹೊಸವಲ್ಲ. ವಾಲಿಬಾಲ್ ಆಡುತ್ತಾನೋ ನೋಡಿ. ಆಡುವವನಾದರೆ ಬಲೆ ಕಟ್ಟಿ ಬಿಚ್ಚುವ ಕೆಲಸ ಅವನಿಗೇ ಇರಲಿ, ಕನ್ನಡ ಅಲ್ಲಿಂದಲೇ ಬರುತ್ತದೆ, ಬೈಗುಳದ ಸಮೇತ. ಸೇರಿಸಿಕೊಂಡ ದಿನವೇ ರಾಜ್ಯದ ವಿದ್ಯಾರ್ಥಿ ದಾಖಲೆಯ ಎಸ್‌ಎಟಿಎಸ್ ಸಂಖ್ಯೆ ಮಾಡಿಸಿ. ಹೋಟೆಲ್ ಕೆಲಸದವರು ಯಾವ ವಾರ ಎಲ್ಲಿಗೆ ಹೊರಡುತ್ತಾರೋ ಹೇಳಲಾಗದು. ಅಪ್ಪ ಬಂದು ಕೇಳಿದರೆ ಗುಮಾಸ್ತರು ರಜೆಯಲ್ಲಿದ್ದಾರೆ, ನಾಳೆ ಬನ್ನಿ ಎನ್ನಬೇಡಿ; ವರ್ಗಾವಣೆ ಪತ್ರವನ್ನು ಆಗಲೇ ನಿಮ್ಮ ಕೈಯಿಂದಲೇ ಬರೆದು, ಎರಡು ನೆರಳಚ್ಚು ಪ್ರತಿ ಸೇರಿಸಿ ಕೊಟ್ಟು ಕಳಿಸಿ.