ಪಿಎಚ್‌ಡಿ ವಿಷಯ ಅಷ್ಟು ಕಿರಿದು ಯಾಕಿರಬೇಕು?
ತೊಗರಿಯ ನೆಟೆ ರೋಗ (ಗಿಡ ಬಾಡಿ ಒಣಗುವ ರೋಗ) ಅಂತ ವಿಷಯ ಒಯ್ದರೆ ಗೈಡ್ ‘ಇನ್ನೂ ಸಣ್ಣದು ಮಾಡಿ’ ಅನ್ನುತ್ತಾರೆ, ಯಾಕೆ ಅಂತ ಕೇಳಿದ್ದೀರಿ.

ಮುಖ್ಯ ಕಾರಣ ಸಮಯ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3, ಗರಿಷ್ಠ 6 ವರ್ಷ. ಕೋರ್ಸ್‌ವರ್ಕ್, ಅಂದರೆ ಸಂಶೋಧನೆಗೆ ಮೊದಲಿನ ತರಗತಿಗಳೂ ಅದರಲ್ಲೇ ಮುಗಿಯಬೇಕು. ಕಲಬುರಗಿಯಲ್ಲಿ ತೊಗರಿ ಬಿತ್ತುವುದು ಮುಂಗಾರಿಗೆ, ರಾಶಿ ಡಿಸೆಂಬರ್-ಜನವರಿಗೆ. ಹೊಲದ ಪ್ರಯೋಗಕ್ಕೆ ವರ್ಷಕ್ಕೆ ಒಂದೇ ಸಲ ಅವಕಾಶ. ಒಂದು ಮಳೆಗಾಲ ಕೈಕೊಟ್ಟರೆ ಆ ವರ್ಷದ ಡೇಟಾ ಹೋದಂತೆಯೇ.

ಇನ್ನೊಂದು, ವಿಧಾನ. ನೆಟೆ ಬಿದ್ದ ಗಿಡದ ಕಾಂಡ ಸೀಳಿದರೆ ಒಳಗೆ ಕಪ್ಪು-ಕಂದು ಗೆರೆ ಕಾಣುತ್ತದೆ. ಸಸ್ಯರೋಗದವರು ಅಲ್ಲಿ ಫ್ಯುಸೇರಿಯಂ ಶಿಲೀಂಧ್ರ ಹುಡುಕುತ್ತಾರೆ, ತಳಿ ಅಭಿವೃದ್ಧಿ ಮಾಡುವವರು ಗಿಡದ ರೋಗ ನಿರೋಧಕ ಗುಣ. ಅರ್ಥಶಾಸ್ತ್ರದವರಿಗೆ ರೈತ ಅದೇ ಹೊಲಕ್ಕೆ ಮತ್ತೆ ತೊಗರಿಯನ್ನೇ ಯಾಕೆ ಹಾಕಿದ ಅನ್ನುವುದು ಪ್ರಶ್ನೆ. ಮೂರನ್ನೂ ಒಬ್ಬರೇ ಕಲಿತು ಮುಗಿಸಲಾಗದು.

ಆದರೆ ಹಳೆಯ ಪ್ರಬಂಧದ ವಿಷಯದಲ್ಲಿ ಆಳಂದ ತಾಲ್ಲೂಕು ತೆಗೆದು ಚಿತ್ತಾಪುರ ಹಾಕುವುದು ಕಿರಿದು ಮಾಡುವುದಲ್ಲ, ನಕಲು ಅಷ್ಟೇ. ‘ಎರಡು ತಳಿ, ಎರಡು ಬಗೆಯ ಮಣ್ಣು, ಬೀಜೋಪಚಾರ (ಬಿತ್ತುವ ಮೊದಲು ಬೀಜಕ್ಕೆ ಔಷಧ ಲೇಪನ) ಮಾಡಿದ್ದು-ಮಾಡದ್ದು’ ಹೀಗೆ ಅಳೆಯುವಂಥದ್ದನ್ನು ಗೊತ್ತುಮಾಡಿಕೊಳ್ಳಿ. ಬೇರೆ ವಿಭಾಗದ ಸಹ-ಮಾರ್ಗದರ್ಶಕರಿಗೂ ಅದೇ ನಿಯಮದಲ್ಲಿ ಅವಕಾಶವಿದೆ. ಅಂಥವರನ್ನು ಕೇಳುವುದಿದ್ದರೆ ಸಂಶೋಧನಾ ಯೋಜನೆಯ ಸಾರಾಂಶ (ಸಿನಾಪ್ಸಿಸ್) ಸಲ್ಲಿಸುವ ಮೊದಲೇ ಕೇಳಿ.