'ಮಾಂತ್ರಿಕ' ಅಂದರೆ ಏನೂ ಕೇಳಿಸುವುದಿಲ್ಲ

ನಮಸ್ಕಾರ. ಸಿರಿಲ್ ಡೇವಿಸ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಇಂಗ್ಲೆಂಡಿನಲ್ಲಿ ಬ್ಲೂಸ್ ಸಂಗೀತ ಬೇರೂರಲು ಕಾರಣರಾದ ಮೌತ್ ಆರ್ಗನ್ ವಾದಕನನ್ನು ಕನ್ನಡಕ್ಕೆ ತರಲು ಹೊರಟಿದ್ದೀರಿ, ಸಂತೋಷ. ಇಸವಿಗಳೂ ಸರಿ ಇವೆ. ಆದರೆ ಎರಡು ವಾಕ್ಯ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ಮೊದಲನೆಯದು: 'ಅವರ ಮಾಂತ್ರಿಕ ವಾದನಕ್ಕೆ ಇಡೀ ಲಂಡನ್ ತಲೆದೂಗಿತು.' ಇಡೀ ಲಂಡನ್ ಎಲ್ಲಿತ್ತು? ಸೋಹೊದ ವಾರ್ಡರ್ ಸ್ಟ್ರೀಟಿನ ರೌಂಡ್‌ಹೌಸ್ ಪಬ್ಬಿನ ಮಹಡಿ ಕೋಣೆಯಲ್ಲಿ 1957ರಿಂದ ಡೇವಿಸ್ ಮತ್ತು ಗಿಟಾರ್ ವಾದಕ ಅಲೆಕ್ಸಿಸ್ ಕಾರ್ನರ್ ಬ್ಲೂಸ್ ಕ್ಲಬ್ ನಡೆಸುತ್ತಿದ್ದರು. ಆ ಕೋಣೆಗೆ ನನ್ನನ್ನು ಕರಕೊಂಡು ಹೋಗಿ ಸಾಕು. ಇನ್ನು 'ಮಾಂತ್ರಿಕ'. ಬಾಯಲ್ಲಿ ಏನು ನಡೀತಿತ್ತು ಅಂತ ಹೇಳಿ. ಬ್ಲೂಸ್ ನುಡಿಸುವವರು ಸಾಮಾನ್ಯವಾಗಿ ಸಿ ಶ್ರುತಿಯ ಮೌತ್ ಆರ್ಗನ್ ಹಿಡಿದು ಜಿ ಶ್ರುತಿಯ ಹಾಡು ನುಡಿಸುತ್ತಾರೆ, ಹಾಗಾಗಿ ಊದುವುದಕ್ಕಿಂತ ಉಸಿರು ಒಳಗೆಳೆಯುವುದೇ ಜಾಸ್ತಿ. ಮೂರನೇ ತೂತಿನಲ್ಲಿ ಉಸಿರೆಳೆಯುತ್ತಾ ನಾಲಿಗೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಸ್ವರ ಕೆಳಗೆ ಜಾರುತ್ತದೆ, ಅಳುವ ದನಿಯ ಹಾಗೆ. ಅದರ ಮೇಲೆ ಶಿಕಾಗೊದವರ ರೀತಿ ಮೈಕನ್ನೂ ವಾದ್ಯವನ್ನೂ ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದು ಆಂಪ್ಲಿಫೈಯರಿಗೆ ಕೊಟ್ಟರೆ ಸದ್ದು ಒರಟಾಗಿ, ದಪ್ಪವಾಗಿ ಬರುತ್ತದೆ. ಇಷ್ಟು ಬರೆದಿದ್ದರೆ ನಿಮಗೆ 'ಮಾಂತ್ರಿಕ' ಬೇಕಾಗುತ್ತಿರಲಿಲ್ಲ.

ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಇಂಥ ಪದ ಕಂಡರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಹೇಗೆ?' ಅಂತ ಬರೆದು ಹಾಳೆ ವಾಪಸ್ ಕೊಡುವರು. ಒಮ್ಮೆ ಓಲಗದವರ ಬಗ್ಗೆ ಬರೆಯಬೇಕಿತ್ತು. ಕಛೇರಿ ಕೇಳಬೇಡ, ಅದಕ್ಕೆ ಮುಂಚೆ ಹೋಗಿ ಪಕ್ಕದಲ್ಲಿ ಸುಮ್ನೆ ಕೂತಿರು ಅಂದರು. ಹೋದೆ. ಆ ಹಿರಿಯ ವಾದಕರು ಬಾಯಿಗಿಡುವ ಪೀಪಿಯನ್ನು ಒದ್ದೆ ಮಾಡುವುದು, ಊದಿ ನೋಡುವುದು, ತಲೆಯಾಡಿಸಿ ಇನ್ನೊಂದನ್ನು ಆರಿಸುವುದು, ಇದನ್ನೇ ನೋಡುತ್ತಾ ಕೂತೆ. ಬರೆಯಲು ಬೇಕಾದದ್ದೆಲ್ಲ ಅಲ್ಲೇ ಸಿಕ್ಕಿತು.

ಎರಡನೇ ವಾಕ್ಯ: 'ಭಿನ್ನಾಭಿಪ್ರಾಯಗಳಿಂದಾಗಿ ಅವರು ತಂಡವನ್ನು ತೊರೆದರು.' ಅಲ್ರೀ, ನಿಮ್ಮ ಕಥೆ ಇರುವುದೇ ಇಲ್ಲಿ ಅಲ್ವಾ! ಡೇವಿಸ್ ಕಾರುಗಳಿಗೆ ಟಿಂಕರಿಂಗ್ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಮನುಷ್ಯ. ಕಾರ್ನರ್ ಜೊತೆ ಕಟ್ಟಿದ ಬ್ಲೂಸ್ ಇನ್‌ಕಾರ್ಪೊರೇಟೆಡ್ ತಂಡಕ್ಕೆ 1962ರಲ್ಲಿ ಹೆಸರು ಬಂದಿತ್ತು, ಮಾರ್ಕೀ ಕ್ಲಬ್ಬಿನಲ್ಲಿ ಕಾರ್ಯಕ್ರಮ ನಡೆಯುತ್ತಿದ್ದವು, ಎಲ್‌ಪಿ ರೆಕಾರ್ಡ್ ಆಗಿತ್ತು. ಅಂಥ ಹೊತ್ತಿನಲ್ಲೇ ಬಿಟ್ಟು ಹೊರಟರು. ಯಾಕೆ? ಕಾರ್ನರ್ ಸ್ಯಾಕ್ಸೊಫೋನುಗಳನ್ನು ಸೇರಿಸಿ ಜಾಝ್ ಕಡೆಗೆ ವಾಲುತ್ತಿದ್ದರು, ಡೇವಿಸ್‌ಗೆ ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ನ ಶಿಕಾಗೊ ಸದ್ದೇ ಬೇಕಿತ್ತು. ಸ್ಯಾಕ್ಸೊಫೋನ್ ಬೇಡವೆಂದು ತಾವೇ ಕಟ್ಟಿದ ಮನೆ ಬಿಟ್ಟವರನ್ನು ನೀವು ಕಚೇರಿ ಟಿಪ್ಪಣಿಯ ಭಾಷೆಯಲ್ಲಿ ಮುಗಿಸಿಬಿಟ್ಟಿರಿ. ಆಮೇಲೆ ಅವರಿಗೆ ಉಳಿದಿದ್ದದ್ದು ಒಂದು ವರ್ಷ ಚಿಲ್ಲರೆ. ಅಷ್ಟರಲ್ಲೇ ಆಲ್-ಸ್ಟಾರ್ಸ್ ತಂಡ ಕಟ್ಟಿ 1963ರಲ್ಲಿ 'ಕಂಟ್ರಿ ಲೈನ್ ಸ್ಪೆಷಲ್' ಎಂಬ ರೆಕಾರ್ಡ್ ತಂದರು. 1964ರ ಜನವರಿ 7ರಂದು ತೀರಿಕೊಂಡಾಗ ಅವರಿಗಿನ್ನೂ 31.

ಉಳಿದ ಪುಟಗಳ ಬಗ್ಗೆ ಈಗ ಮಾತು ಬೇಡ. ಆ ರೆಕಾರ್ಡನ್ನು ಹೆಡ್‌ಫೋನ್ ಹಾಕಿ ಕೇಳಿ, ಉಸಿರು ಎಲ್ಲಿ ಒಳಗೆ ಹೋಗುತ್ತದೆ, ಎಲ್ಲಿ ಹೊರಗೆ ಬರುತ್ತದೆ ಗುರುತು ಹಾಕಿಕೊಳ್ಳಿ. ತಂಡ ಬಿಟ್ಟಲ್ಲಿಂದ ಲೇಖನ ಶುರು ಮಾಡಿ ಮತ್ತೆ ಕಳಿಸಿ. ನಾನೇ ಓದುತ್ತೇನೆ.